ದೇವರ ಬೆಳ್ಳಿ ಕೆಲಸಕ್ಕೆ ತೂಕದ ಲೆಕ್ಕದ ಮಜೂರಿ ಬೇಡ: ಧಾರ್ಮಿಕ ದತ್ತಿ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಇಲಾಖೆ, ಬೆಂಗಳೂರು;
ಹಾಗೂ ರಾಜ್ಯದ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರು.

ವಿಷಯ: ಬೆಳ್ಳಿಯ ಕವಚ, ಪ್ರಭಾವಳಿ, ಬಾಗಿಲುವಾಡ, ಪಲ್ಲಕ್ಕಿ ಮುಂತಾದವುಗಳ ಕೈಕೆಲಸಕ್ಕೆ ಮಜೂರಿ ಗೊತ್ತುಪಡಿಸುವ ಕ್ರಮವನ್ನು ಬದಲಿಸುವ ಬಗ್ಗೆ.

ಮಾನ್ಯರೇ,

ನಾನು ಬೆಳ್ಳಿ ತಗಡಿನ ಮೇಲೆ ಉಬ್ಬು ಕೆಲಸವನ್ನೂ ಕೆತ್ತನೆಯನ್ನೂ ಮಾಡಿ ಜೀವನ ಸಾಗಿಸುವ ಅಕ್ಕಸಾಲಿಗ. ಹಿಂದೆ ನಮ್ಮ ಕಸುಬಿಗೆ ಮನೆಮನೆಯೂ ಗಿರಾಕಿಯಾಗಿತ್ತು. ಮಗುವಿನ ಉಡಿದಾರ, ಮದುಮಗಳ ಡಾಬು, ಲಿಂಗಾಯತರ ಮನೆಯ ಬೆಳ್ಳಿ ಕರಡಿಗೆ, ಕೊಡವರ ಪೀಚೆಕತ್ತಿಯ ಒರೆ, ಲಂಬಾಣಿ ಹೆಣ್ಣುಮಕ್ಕಳ ಹಾಂಸಲಿ, ಇವೆಲ್ಲವೂ ಊರಿನಲ್ಲೋ ಪಕ್ಕದ ಪೇಟೆಯಲ್ಲೋ ಇದ್ದ ಅಗ್ಗಿಷ್ಟಿಕೆಯ ಮುಂದೆಯೇ ರೂಪ ತಳೆಯುತ್ತಿದ್ದವು. ಈಗ ಕಾಲ್ಗೆಜ್ಜೆ ಬೇಕಾದವರು ಅಂಗಡಿಗೆ ಹೋಗುತ್ತಾರೆ, ಅಂಗಡಿಗೆ ಅದು ಸೇಲಂನಿಂದಲೋ ಹುಪರಿಯಿಂದಲೋ ರಾಜ್‌ಕೋಟ್‌ನಿಂದಲೋ ಗಂಟುಗಂಟಾಗಿ ಬಂದಿರುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ; ಕೊಳ್ಳುವವರು ತಮ್ಮ ಕಿಸೆ ನೋಡಿಕೊಂಡು ಕೊಳ್ಳುತ್ತಾರೆ. ಆದರೆ ಹೀಗೆ ಮನೆಗಳ ಕೆಲಸ ಕೈಬಿಟ್ಟು ಹೋದ ಮೇಲೆ ಕೈಯಿಂದ ಬೆಳ್ಳಿ ಬಡಿಯುವವರಿಗೆ ಉಳಿದಿರುವ ದೊಡ್ಡ ಗಿರಾಕಿ ದೇವರೊಬ್ಬನೇ. ರಾಜ್ಯದಲ್ಲಿ ತಮ್ಮ ಇಲಾಖೆಯ ವ್ಯಾಪ್ತಿಗೆ ಸುಮಾರು 34,000 ದೇವಸ್ಥಾನಗಳು ಬರುತ್ತವೆ. ಅವುಗಳಲ್ಲಿ ಆದಾಯವಿರುವ ದೇವಸ್ಥಾನಗಳು ವರ್ಷದಲ್ಲಿ ಒಂದಲ್ಲ ಒಂದು ಬೆಳ್ಳಿ ಕೆಲಸವನ್ನು ಮಾಡಿಸುತ್ತಲೇ ಇರುತ್ತವೆ. ಹೀಗಾಗಿ ಈ ಕಸುಬು ಇನ್ನೊಂದು ತಲೆಮಾರಿಗೆ ದಾಟುವುದೋ ಇಲ್ಲವೋ ಎಂಬುದು ದೇವಸ್ಥಾನಗಳು ಕೆಲಸವನ್ನು ಯಾವ ರೀತಿ ಒಪ್ಪಿಸುತ್ತವೆ ಎಂಬುದರ ಮೇಲೆ ನಿಂತಿದೆ. ಆ ರೀತಿಯೇ ಸರಿಯಿಲ್ಲ ಎಂದು ತಿಳಿಸುವುದಕ್ಕೆ ಈ ಪತ್ರ.

ದೇವಸ್ಥಾನವೊಂದು ಕವಚಕ್ಕೋ ಬಾಗಿಲಿನ ಹೊದಿಕೆಗೋ ದರಪಟ್ಟಿ ಕರೆದಾಗ ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ಇಷ್ಟು ಕಿಲೋ ಬೆಳ್ಳಿ ಕೊಡುತ್ತೇವೆ, ಗ್ರಾಂ ಒಂದಕ್ಕೆ ಮಜೂರಿ ಎಷ್ಟು? ಯಾರು ಕಡಿಮೆ ಬರೆಯುತ್ತಾರೋ ಅವರಿಗೆ ಕೆಲಸ. ಲೆಕ್ಕ ಪರಿಶೋಧನೆಗೆ ಇದು ಅನುಕೂಲವೆಂಬುದು ನನಗೆ ತಿಳಿದಿದೆ. ಕೊಟ್ಟ ತೂಕ, ಬಂದ ತೂಕ, ಸವಕಳಿ (ಕೆಲಸದಲ್ಲಿ ಕಳೆದುಹೋದ ಬೆಳ್ಳಿ), ಮಜೂರಿ, ನಾಲ್ಕು ಕಲಮುಗಳಲ್ಲಿ ವ್ಯವಹಾರ ಮುಗಿಯುತ್ತದೆ. ಆದರೆ ಕೆಲಸದ ಗುಣ ಹೇಗಿರಬೇಕೆಂಬುದಕ್ಕೆ ಆ ನಾಲ್ಕು ಕಲಮುಗಳಲ್ಲಿ ಜಾಗವೇ ಇಲ್ಲ.

ಇದರ ಪರಿಣಾಮವನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಅರ್ಧ ಮಿಲಿಮೀಟರ್ ದಪ್ಪದ ಬೆಳ್ಳಿ ತಗಡು ಒಂದು ಚದರ ಅಡಿಗೆ ಸುಮಾರು 490 ಗ್ರಾಂ ತೂಗುತ್ತದೆ. ಅಂದರೆ ಒಂದು ಕಿಲೋ ಬೆಳ್ಳಿಯಲ್ಲಿ ಎರಡು ಚದರ ಅಡಿ ಬರುತ್ತದೆ. ಒಬ್ಬ ಕೆಲಸಗಾರ ಆ ಎರಡು ಚದರ ಅಡಿಯ ಅಂಚಿಗೆ ಒಂದು ಹಗ್ಗದ ಗೆರೆ ಎಳೆದು, ನಡುವೆ ಒಂದು ಕಮಲ ಮೂಡಿಸಿ, ಬಾಗಿಲಿಗೆ ಹೊಡೆದು ಕೊಡುತ್ತಾನೆ ಎಂದುಕೊಳ್ಳಿ. ಇನ್ನೊಬ್ಬ ಅಷ್ಟೇ ತಗಡಿನಲ್ಲಿ ದಶಾವತಾರವನ್ನು ಕೂರಿಸಿ, ವರಾಹನ ಮುಸುಡಿಗೂ ನರಸಿಂಹನ ಜಟೆಗೂ ಬೇರೆ ಬೇರೆ ಆಳ ಕೊಟ್ಟು ತಿಂಗಳುಗಟ್ಟಲೆ ದುಡಿಯುತ್ತಾನೆ. ತೂಕದ ಲೆಕ್ಕದಲ್ಲಿ ಇಬ್ಬರಿಗೂ ಸಿಗುವ ಮಜೂರಿ ಒಂದೇ. ಎರಡನೆಯವನು ಮುಂದಿನ ಸಲ ದಶಾವತಾರ ಮಾಡುತ್ತಾನೆಯೇ? ಸಮಿತಿಯವರು ಬೆಳ್ಳಿ ಉಳಿಸಲೆಂದು ತಗಡನ್ನು ಕಾಲು ಮಿಲಿಮೀಟರ್‌ಗೆ ಇಳಿಸಿದರಂತೂ ಅದೇ ಒಂದು ಕಿಲೋ ನಾಲ್ಕು ಚದರ ಅಡಿಗೆ ಹರಡುತ್ತದೆ. ಕೆಲಸ ಇಮ್ಮಡಿಯಾಯಿತು, ಮಜೂರಿ ಇದ್ದಲ್ಲೇ ಇರುತ್ತದೆ. ಅಲ್ಲಿಗೆ ಕೈಕೆಲಸದವನು ಎದ್ದು ಹೋಗುತ್ತಾನೆ, ಡೈ ಮತ್ತು ಪ್ರೆಸ್ ಇಟ್ಟುಕೊಂಡವನು ಬಂದು ಕೂರುತ್ತಾನೆ. ಒಂದೇ ಅಚ್ಚಿನಲ್ಲಿ ಒತ್ತಿದ ಒಂದೇ ಮುಖದ ಜಯವಿಜಯರು ಊರೂರಿನ ಬಾಗಿಲುಗಳಲ್ಲಿ ನಿಂತಿರುವುದಕ್ಕೆ ಭಕ್ತರ ಅಭಿರುಚಿ ಕಾರಣವಲ್ಲ, ದರಪಟ್ಟಿಯ ನಮೂನೆ ಕಾರಣ.

ಹಾಗಾದರೆ ಕೈಕೆಲಸದಲ್ಲಿ ಅಂಥದ್ದೇನಿದೆ ಎಂದು ಸಮಿತಿಯ ಸದಸ್ಯರು ಕೇಳಬಹುದು, ಕೇಳಲೂಬೇಕು. ವಿಗ್ರಹದ ಹಿಂದೆ ಕಮಾನಿನಂತೆ ನಿಲ್ಲುವ ಪ್ರಭಾವಳಿಯ ನೆತ್ತಿಯಲ್ಲಿರುವ ಸಿಂಹಮುಖವನ್ನೇ, ಅಂದರೆ ಕೀರ್ತಿಮುಖವನ್ನೇ ತೆಗೆದುಕೊಳ್ಳೋಣ. ಮೊದಲು ತಗಡನ್ನು ಮಂದ ಕೆಂಪು ತಿರುಗುವ ತನಕ ಕಾಯಿಸಿ ಮೆದು ಮಾಡಿಕೊಳ್ಳುತ್ತೇವೆ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೆದುವಾಗಲು ಅದಕ್ಕಿಂತ ಬಹಳ ಕಡಿಮೆ ಕಾವು ಸಾಕು. ಆದರೂ ತೆಳು ತಗಡಿನ ಅಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿ ಮುದುಡಿಕೊಳ್ಳಬಲ್ಲದು. ಬಿಸಿಲಿನ ಬೆಳಕಿನಲ್ಲಿ ಬೆಳ್ಳಿಯ ಆ ಕೆಂಪು ಕಾಣುವುದಿಲ್ಲವಾದ್ದರಿಂದ ನಮ್ಮಲ್ಲಿ ಕಾಯಿಸುವ ಮೂಲೆ ಯಾವಾಗಲೂ ಕತ್ತಲಾಗಿರುತ್ತದೆ. ಆಮೇಲೆ ರಾಳ, ಇಟ್ಟಿಗೆ ಪುಡಿ, ತುಸು ಎಣ್ಣೆ ಸೇರಿಸಿ ಕಾಯಿಸಿದ ಅರಗಿನ ಮೇಲೆ ತಗಡನ್ನು ಅಂಟಿಸಿ, ಮೊಂಡು ಬಾಯಿಯ ಉಳಿಯಿಂದ ಚಿತ್ರದ ಗೆರೆಗಳನ್ನು ಒತ್ತುತ್ತೇವೆ. ಈ ಉಳಿ ಬೆಳ್ಳಿಯನ್ನು ಕೊರೆಯುವುದಿಲ್ಲ, ತಗ್ಗಿಸುತ್ತದೆ ಅಷ್ಟೇ. ತಗಡನ್ನು ಬಿಡಿಸಿ, ಮಗುಚಿ, ಹಿಂದಿನಿಂದ ಹಣೆ, ಕೆನ್ನೆ, ಗುಡ್ಡೆಗಣ್ಣುಗಳನ್ನು ಉಬ್ಬಿಸುತ್ತೇವೆ. ಪೆಟ್ಟು ಬಿದ್ದಷ್ಟೂ ಬೆಳ್ಳಿ ಗಡುಸಾಗುತ್ತದೆ, ಗಡುಸಾದ ಮೇಲೂ ಹೊಡೆದರೆ ಬಿರಿಯುತ್ತದೆ; ಆದ್ದರಿಂದ ಮತ್ತೆ ಬಿಡಿಸಿ, ಮತ್ತೆ ಕಾಯಿಸಿ, ಹುಣಸೆಹುಳಿಯಲ್ಲಿ ತೊಳೆದು, ಮತ್ತೆ ಅಂಟಿಸಬೇಕು. ಆಳವಾದ ಮುಖಕ್ಕೆ ಈ ಸುತ್ತು ಎಷ್ಟು ಸಲ ಬರುತ್ತದೆಂದು ಮೊದಲೇ ಹೇಳಲಾಗದು, ತಗಡೇ ಹೇಳುತ್ತದೆ. ಸುತ್ತಿಗೆಯ ಸದ್ದು ಟೊಳ್ಳಾದರೆ ಅಡಿಯ ಅರಗು ಬಿಟ್ಟಿದೆ ಎಂದರ್ಥ. ಆಗ ಅಲ್ಲಿಗೇ ನಿಲ್ಲಿಸದಿದ್ದರೆ ಮುಂದಿನ ಪೆಟ್ಟಿಗೆ ಮೂಗು ಸೊಟ್ಟಗಾಗುತ್ತದೆ.

ಇಷ್ಟಾದ ಮೇಲೆಯೇ ಚೂಪುಳಿ ಕೈಗೆ ಬರುವುದು. ಮೀಸೆಯ ಎಳೆ, ಮಕರದ ಮೈಯ ಹುರುಪೆ, ಬಳ್ಳಿಯ ಎಲೆಗಳ ನರ, ಇವುಗಳನ್ನು ಬೆಳ್ಳಿಯ ಸಣ್ಣ ಸಣ್ಣ ಸಿಬಿರು ಎಬ್ಬಿಸಿ ಕಂಡರಿಸುತ್ತೇವೆ. ಉಳಿಯ ಕೋನ ಒಂದಿಷ್ಟು ಓರೆಯಾದರೆ ಗೆರೆ ಅಗಲವಾಗಿ ಮಂಗಳಾರತಿಯ ಬೆಳಕನ್ನು ಬೇರೆ ರೀತಿಯಲ್ಲಿ ಹಿಡಿಯುತ್ತದೆ. ಗರ್ಭಗುಡಿಯ ಬೆಳ್ಳಿಯನ್ನು ಜನ ನೋಡುವುದು ವಿದ್ಯುದ್ದೀಪದಲ್ಲಿ ಅಲ್ಲ, ಅಲುಗಾಡುವ ಕರ್ಪೂರದ ಬೆಳಕಿನಲ್ಲಿ ಎಂಬುದನ್ನು ಕಲಿತ ಕೆಲಸಗಾರ ಮರೆಯುವುದಿಲ್ಲ. ಉಡುಪಿಯಲ್ಲಿ ಬೆಳ್ಳಿ ಹೊದಿಸಿದ ನವಗ್ರಹ ಕಿಂಡಿಗೆ ಕಣ್ಣಿಟ್ಟು ಕೃಷ್ಣನನ್ನು ನೋಡುವವರ ಮುಖದಿಂದ ಬೆಳ್ಳಿ ಒಂದು ಗೇಣು ದೂರದಲ್ಲೂ ಇರುವುದಿಲ್ಲ. ಮೈಸೂರು ಅರಮನೆಯ ಅಂಬಾವಿಲಾಸದ ಬೆಳ್ಳಿಯ ಬಾಗಿಲುಗಳ ಮುಂದೆ ಪ್ರವಾಸಿಗರು ನಿಂತೇ ಬಿಡುತ್ತಾರೆ. ಅಷ್ಟು ಹತ್ತಿರದ ನೋಟಕ್ಕೆ ತಾಳಿಕೊಳ್ಳುವ ಕೆಲಸವನ್ನು ಗ್ರಾಂ ಲೆಕ್ಕದಲ್ಲಿ ಮಾಡಿಸಿರಲಾರರು ಎಂದು ನನ್ನ ಅನಿಸಿಕೆ.

ಬಾಳಿಕೆಯ ಪ್ರಶ್ನೆಯೂ ಇದೆ, ಸಮಿತಿಗಳಿಗೆ ಬಹುಶಃ ಇದೇ ಮುಖ್ಯ. ತಗಡನ್ನು ಉಬ್ಬಿಸಿದಾಗ ಉಬ್ಬಿನ ತುದಿ ತೆಳ್ಳಗಾಗುತ್ತದೆ. ಕೈಕೆಲಸದವನು ಸುತ್ತಲಿನ ಬೆಳ್ಳಿಯನ್ನು ಮೆಲ್ಲಗೆ ಒಳಕ್ಕೆ ತಂದುಕೊಂಡು, ನಡುನಡುವೆ ಕಾಯಿಸಿ, ತುದಿಗೆ ಆದಷ್ಟು ದಪ್ಪ ಉಳಿಸುತ್ತಾನೆ. ಪ್ರೆಸ್‌ಗೆ ಆ ವ್ಯವಧಾನವಿಲ್ಲ, ಒಂದೇ ಏಟಿಗೆ ಎಳೆಯುತ್ತದೆ. ದೇವರ ಬೆಳ್ಳಿ ಮನೆಯ ಬೀರುವಿನಲ್ಲಿ ಕೂರುವ ಬೆಳ್ಳಿಯಲ್ಲ. ಧೂಪ, ದೀಪ, ಅಭಿಷೇಕಗಳ ನಡುವೆ ಅದು ಬೇಗ ಕಪ್ಪಾಗುತ್ತದೆ, ಪ್ರತಿ ಹಬ್ಬಕ್ಕೂ ಅದನ್ನು ಉಜ್ಜಿ ಬೆಳಗುತ್ತಾರೆ. ಉಜ್ಜುವ ಕೈ ಮೊದಲು ತಾಗುವುದು ಉಬ್ಬಿನ ತುದಿಗೇ. ತೆಳು ತಗಡಿನ ಕವಚಗಳಲ್ಲಿ ಮೂಗಿನ ತುದಿ, ಕಿರೀಟದ ಮೊಗ್ಗು, ಅಭಯಹಸ್ತದ ಬೆರಳು ಸವೆದು ತೂತಾಗಿ, ಹಿಂದಿನಿಂದ ಬೆಸುಗೆಯ ತೇಪೆ ಹಾಕಿಸಿಕೊಳ್ಳಲು ಬರುವುದನ್ನು ನಾನು ನೋಡುತ್ತಲೇ ಇದ್ದೇನೆ. ಮಜೂರಿಯಲ್ಲಿ ಉಳಿಸಿದ ದುಡ್ಡು ರಿಪೇರಿಯಲ್ಲಿ ಹೋಗುತ್ತದೆ.

ಇನ್ನು ಬೆಳ್ಳಿಯ ಶುದ್ಧತೆಯ ವಿಷಯ. ದೇವಸ್ಥಾನಗಳು ನಮಗೆ ಕೊಡುವುದು ಬಹುಮಟ್ಟಿಗೆ ಹುಂಡಿಗೆ ಬಿದ್ದ ಮತ್ತು ಹರಕೆಗೆ ಬಂದ ಬೆಳ್ಳಿ: ಕಣ್ಣು, ಕಾಲು, ತೊಟ್ಟಿಲು, ನಾಗರಹೆಡೆ, ಹಳೆಯ ಕಾಲ್ಗೆಜ್ಜೆ, ಮುರಿದ ಆರತಿತಟ್ಟೆ. ಒಂದೊಂದರ ಮಟ್ಟವೂ ಒಂದೊಂದು. ಗೆಜ್ಜೆಯ ಕೊಂಡಿಕೊಂಡಿಯಲ್ಲೂ ಬೆಸುಗೆ ಇರುತ್ತದೆ, ಬೆಸುಗೆಯಲ್ಲಿ ತಾಮ್ರ ಮತ್ತು ಸತುವು ಇರುತ್ತವೆ. ಇವನ್ನೆಲ್ಲ ಒಟ್ಟಿಗೆ ಮೂಸೆಗೆ ಹಾಕಿ ಕರಗಿಸಿದರೆ ಬರುವ ಗಟ್ಟಿ ಉಬ್ಬು ಕೆಲಸಕ್ಕೆ ಒಗ್ಗುವುದಿಲ್ಲ, ಶುದ್ಧಿ ಮಾಡಿಸಲೇಬೇಕು. ಶುದ್ಧಿ ಮಾಡಿಸಿದರೆ ತೂಕ ಇಳಿಯುತ್ತದೆ. ಒಂದು ದೇವಸ್ಥಾನದ ಕೆಲಸದಲ್ಲಿ ಹೀಗೆ ಇಳಿದ ತೂಕವನ್ನು ನನ್ನ ಸವಕಳಿಯೆಂದು ಬರೆದು ಮಜೂರಿಯಲ್ಲಿ ಮುರಿದುಕೊಂಡರು. ಹಣ ಹೋದದ್ದಕ್ಕಿಂತ, ದೇವರ ಬೆಳ್ಳಿ ಕದ್ದವನೆಂಬ ಅನುಮಾನದ ನೋಟವನ್ನು ಊರಿನಲ್ಲಿ ಎದುರಿಸಬೇಕಾದದ್ದು ಹೆಚ್ಚು ನೋಯಿಸಿತು. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಬೆಳ್ಳಿಯನ್ನು ಕೆಲಸಗಾರನಿಗೆ ಒಪ್ಪಿಸುವ ಮುನ್ನವೇ ದೇವಸ್ಥಾನದವರು ಅದನ್ನು ತಾವೇ ಶುದ್ಧಿ ಮಾಡಿಸಿ, ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಮಟ್ಟ ನೋಡಿಸಿ, ಚೀಟಿಯ ಸಮೇತ ಕೊಡಲಿ. ಮುಗಿದ ಕೆಲಸವನ್ನೂ ಅದೇ ಕೇಂದ್ರದಲ್ಲಿ ಪರೀಕ್ಷಿಸಲಿ. ದೇವಸ್ಥಾನದ ಆವರಣದಲ್ಲೇ ಕೂತು ಕೆಲಸ ಮಾಡಬೇಕೆಂಬ ಷರತ್ತನ್ನು ಕೆಲವು ಸಮಿತಿಗಳು ಹಾಕುತ್ತವೆ. ಅದನ್ನು ನಾನು ಸ್ವಾಗತಿಸುತ್ತೇನೆ, ಜಾಗದಲ್ಲಿ ಗಾಳಿಯಾಡುವಂತಿದ್ದು ನೀರಿನ ಅನುಕೂಲವೊಂದಿದ್ದರೆ ಸಾಕು.

ಬೆಲೆಯೇರಿಕೆ ಈ ಎಲ್ಲ ತೊಂದರೆಗಳನ್ನು ಇನ್ನಷ್ಟು ಬಿಗಿಗೊಳಿಸಿದೆ. 2025ರಲ್ಲಿ ಕಿಲೋ ಬೆಳ್ಳಿಯ ಬೆಲೆ ಒಂದು ಲಕ್ಷ ರೂಪಾಯಿಯನ್ನು ದಾಟಿ, ವರ್ಷ ಮುಗಿಯುವ ಹೊತ್ತಿಗೆ ಎರಡು ಲಕ್ಷವನ್ನೂ ದಾಟಿತು. ದಾನಿಗಳು ಕೊಟ್ಟ ಮೊತ್ತ ಮಾತ್ರ ಬೆಳೆಯುವುದಿಲ್ಲ. ಆಗ ಸಮಿತಿಯವರು ಮೊದಲು ತಗಡಿನ ದಪ್ಪವನ್ನು ಇಳಿಸುತ್ತಾರೆ, ಅನಂತರ ಮಜೂರಿಯನ್ನು. ನನ್ನ ಸಲಹೆ ಇದಕ್ಕೆ ನೇರ ವಿರುದ್ಧವಾದದ್ದು: ಮೊತ್ತ ಸಾಲದಿದ್ದರೆ ಅಳತೆಯನ್ನು ಕಿರಿದು ಮಾಡಿ. ಇಡೀ ಬಾಗಿಲಿಗೆ ಕಾಗದದಂಥ ತಗಡು ಹೊಡೆಸುವುದಕ್ಕಿಂತ ಬಾಗಿಲುವಾಡದ ಲಲಾಟದ, ಅಂದರೆ ಚೌಕಟ್ಟಿನ ಮೇಲ್ಭಾಗದ, ಪಟ್ಟಿಯೊಂದನ್ನೇ ಚೆನ್ನಾಗಿ ಮಾಡಿಸುವುದು ಮೇಲು. ಉಳಿದ ಭಾಗ ಒಳ್ಳೆಯ ಮರದಲ್ಲಿದ್ದರೆ ದೇವರಿಗೇನೂ ಕಡಿಮೆಯಾಗದು.

ಮಜೂರಿಯನ್ನು ಹೇಗೆ ಗೊತ್ತುಪಡಿಸಬೇಕು ಎಂಬುದಕ್ಕೆ ಸರ್ಕಾರದಲ್ಲೇ ಮಾದರಿಯಿದೆ. ಲೋಕೋಪಯೋಗಿ ಇಲಾಖೆ ತನ್ನ ಕಾಮಗಾರಿಗಳಿಗೆ ದರಪಟ್ಟಿ ಇಟ್ಟುಕೊಂಡಿದೆ. ಅಲ್ಲಿ ಒರಟು ಕಲ್ಲಿನ ಗೋಡೆಗೂ ನಯಗೊಳಿಸಿದ ಕಲ್ಲಿನ ಗೋಡೆಗೂ ಒಂದೇ ದರ ಎಂದು ಯಾರೂ ಹೇಳುವುದಿಲ್ಲ. ಅದೇ ರೀತಿ ತಮ್ಮ ಇಲಾಖೆಯೂ ಬೆಳ್ಳಿ ಕೆಲಸಕ್ಕೆ ಚದರ ಅಡಿಯ ಅಥವಾ ಚದರ ಅಂಗುಲದ ದರಪಟ್ಟಿಯನ್ನು ಮಾಡಲಿ. ಬರಿಯ ಹೊದಿಕೆ, ಗೆರೆ ಮತ್ತು ಬಳ್ಳಿಯ ಕೆಲಸ, ಮೂರ್ತಿಗಳಿರುವ ಆಳವಾದ ಉಬ್ಬು ಕೆಲಸ, ಹೀಗೆ ದರ್ಜೆಗಳಿರಲಿ; ಉಬ್ಬಿನ ಎತ್ತರ ಎಷ್ಟು ಮಿಲಿಮೀಟರ್, ಕೆಲಸ ಮುಗಿದ ಮೇಲೆ ಅತ್ಯಂತ ತೆಳುವಾದ ಜಾಗದಲ್ಲಿ ತಗಡು ಎಷ್ಟು ಉಳಿದಿರಬೇಕು ಎಂಬುದನ್ನೂ ನಮೂದಿಸಲಿ. ದಪ್ಪ ಅಳೆಯುವ ಗೇಜು ದುಬಾರಿ ವಸ್ತುವಲ್ಲ. ತೂಕದ ಲೆಕ್ಕ ಬೆಳ್ಳಿಯ ಜಮಾಖರ್ಚಿಗೆ ಇರಲಿ, ಕೂಲಿಗೆ ಬೇಡ.

ಟೆಂಡರಿನ ಷರತ್ತುಗಳ ಬಗ್ಗೆಯೂ ಒಂದು ಮಾತು. ಮೂರು ವರ್ಷಗಳ ವಹಿವಾಟಿನ ಪ್ರಮಾಣ, ಬ್ಯಾಂಕ್ ಗ್ಯಾರಂಟಿ, ಜಿಎಸ್‌ಟಿ ನೋಂದಣಿ ಎಂದು ಕೇಳಿದಾಗ ಅವುಗಳನ್ನು ಒದಗಿಸಬಲ್ಲವರು ಆಭರಣ ಅಂಗಡಿಯವರು ಅಥವಾ ಗುತ್ತಿಗೆದಾರರು ಮಾತ್ರ. ಕೆಲಸ ಅವರ ಹೆಸರಿಗಾಗಿ, ಅವರಿಂದ ಒಳಗುತ್ತಿಗೆಯಲ್ಲಿ ನಮ್ಮ ಕೈಗೆ ಬರುವಾಗ ಗ್ರಾಂ ಮಜೂರಿಯಲ್ಲಿ ಒಂದು ಪಾಲು ನಡುವೆಯೇ ಕರಗಿರುತ್ತದೆ. ಬೆಲೆಬಾಳುವ ಲೋಹ ಕೊಡುವಾಗ ಭದ್ರತೆ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಬೆಳ್ಳಿಯನ್ನು ಕಂತುಕಂತಾಗಿ ಕೊಟ್ಟು, ಮೊದಲ ಕಂತಿನ ಕೆಲಸ ತೂಗಿ ಒಳತೆಗೆದುಕೊಂಡ ಮೇಲೆ ಮುಂದಿನದನ್ನು ಕೊಟ್ಟರೆ ಭದ್ರತೆಯ ಬಹುಪಾಲು ಅಲ್ಲೇ ಸಿಗುತ್ತದೆ. ಟೆಂಡರಿನ ಎರಡು ಲಕೋಟೆಯ ಪದ್ಧತಿಯಲ್ಲಿ ಮೊದಲ ಲಕೋಟೆ ತಾಂತ್ರಿಕ ಅರ್ಹತೆಗೆ, ಎರಡನೆಯದು ದರಕ್ಕೆ ಮೀಸಲು. ಬೆಳ್ಳಿ ಕೆಲಸದ ಮಟ್ಟಿಗೆ ಆ ಅರ್ಹತೆಯೆಂದರೆ ಕಾಗದಪತ್ರವಲ್ಲ, ಅಂಗೈಯಗಲದ ಒಂದು ಮಾದರಿ ತಗಡು. ತಾಮ್ರದಲ್ಲೇ ಮಾಡಿಸಿ ನೋಡಿ. ಎಲ್ಲರಿಗೂ ಒಂದೇ ಚಿತ್ರ ಕೊಡಿ, ಆಗಮ ಬಲ್ಲ ಅರ್ಚಕರೊಬ್ಬರು ಮತ್ತು ಕಸುಬು ಬಲ್ಲವರೊಬ್ಬರು ಅದನ್ನು ನೋಡಿ ಅಂಕ ಕೊಡಲಿ. ಆ ಅಂಕ ದಾಟಿದವರ ದರವನ್ನು ಮಾತ್ರ ತೆರೆಯಿರಿ. ಮೂರ್ತಿಲಕ್ಷಣ ತಿಳಿಯದೆ ವಿಷ್ಣುವಿನ ಶಂಖಚಕ್ರಗಳನ್ನು ಅದಲುಬದಲು ಮಾಡಿದ ಕವಚಗಳು ಆಗ ದೇವರ ಮೈಮೇಲೇರುವ ತನಕ ಹೋಗುವುದಿಲ್ಲ.

ಕಸುಬು ಬಲ್ಲವರು ಸಮಿತಿಯೊಳಗೇ ಇರಬೇಕೆಂಬ ಆಲೋಚನೆ ಹೊಸದೇನಲ್ಲ. 2024ರಲ್ಲಿ ವಿಧಾನಮಂಡಲದ ಮುಂದೆ ಬಂದ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಯಲ್ಲಿ ದೇವಾಲಯದ ವಾಸ್ತು, ಶಿಲ್ಪ ಬಲ್ಲ ವಿಶ್ವಕರ್ಮರೊಬ್ಬರಿಗೆ ವ್ಯವಸ್ಥಾಪನಾ ಸಮಿತಿಯಲ್ಲಿ ಸ್ಥಾನ ಕೊಡುವ ಪ್ರಸ್ತಾಪವಿತ್ತು. ಆ ಮಸೂದೆಯ ಸುತ್ತ ಎದ್ದ ಹಣಕಾಸಿನ ವಾದವಿವಾದಗಳಲ್ಲಿ ಈ ಅಂಶ ಯಾರ ಗಮನಕ್ಕೂ ಬರಲಿಲ್ಲ. ಕಾನೂನಿನ ದಾರಿ ಏನೇ ಇರಲಿ, ಬೆಳ್ಳಿ ಕೆಲಸ ಒಪ್ಪಿಸುವ ದಿನ ಕಸುಬಿನವರೊಬ್ಬರನ್ನು ಸಲಹೆಗೆ ಕರೆಯಲು ಯಾವ ತಿದ್ದುಪಡಿಯೂ ಬೇಕಿಲ್ಲ.

ಯಂತ್ರವನ್ನು ಬಹಿಷ್ಕರಿಸಿ ಎಂದು ನಾನು ಕೇಳುತ್ತಿಲ್ಲ. ಹರಕೆಯ ಕಣ್ಣು, ಮೀಸೆಗಳನ್ನು ಅಚ್ಚಿನಲ್ಲೇ ಒತ್ತಲಿ. ಬಡವರ ಹರಕೆ ಅಗ್ಗವಾಗಿ ತೀರುವುದು ಒಳ್ಳೆಯದೇ. ತಗಡು ಎಳೆಯಲು ನಾವೂ ಮಿಲ್ಲಿಗೇ ಹೋಗುತ್ತೇವೆ, ಗಟ್ಟಿಯನ್ನು ಸುತ್ತಿಗೆಯಲ್ಲೇ ಬಡಿದು ತಗಡು ಮಾಡುವ ಹಠ ಯಾರಿಗೂ ಇಲ್ಲ. ಅಚ್ಚಿನ ಕೆಲಸವನ್ನು ಕೈಕೆಲಸವೆಂದು ಬಿಲ್ಲಿನಲ್ಲಿ ಬರೆಯುವುದಕ್ಕೆ ಮಾತ್ರ ನನ್ನ ವಿರೋಧ. ಹಾಲ್‌ಮಾರ್ಕ್ ಇದನ್ನು ತಡೆಯಲಾರದು. ಬೆಳ್ಳಿಗೂ 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ ಸಂಖ್ಯೆಯ (ಪ್ರತಿ ವಸ್ತುವಿಗೂ ಪ್ರತ್ಯೇಕವಾದ ಗುರುತಿನ ಸಂಖ್ಯೆಯ) ಹಾಲ್‌ಮಾರ್ಕ್ ಸಿಗುತ್ತಿದೆ, ಸದ್ಯಕ್ಕೆ ಅದು ಐಚ್ಛಿಕ. ಆ ಗುರುತು ಬೆಳ್ಳಿಯ ಮಟ್ಟವನ್ನು ಹೇಳುತ್ತದೆ, ಅದನ್ನು ರೂಪಿಸಿದ್ದು ಯಾರ ಕೈ ಎಂಬುದನ್ನು ಹೇಳುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಶಿಲ್ಪಗಳಲ್ಲಿ ಹೆಸರು ಕೆತ್ತಿದ್ದಾರೆ. ಹೊಯ್ಸಳ ಅರಸರು ಅದನ್ನು ಅಡ್ಡಿಪಡಿಸಲಿಲ್ಲ. ಇಂದು ಬೆಳ್ಳಿಯ ಬಾಗಿಲಿನ ಮೇಲೆ ದಾನಿಯ ಹೆಸರು, ಅವರ ತಂದೆತಾಯಿಯ ಹೆಸರು, ಕೆಲವೊಮ್ಮೆ ಅಂಗಡಿಯ ಹೆಸರೂ ದಪ್ಪ ಅಕ್ಷರದಲ್ಲಿ ಇರುತ್ತದೆ. ಆ ಅಕ್ಷರಗಳನ್ನು ಕೆತ್ತಿದವನು ತನ್ನ ಹೆಸರು ಬರೆದುಕೊಳ್ಳುವಂತಿಲ್ಲ. ಒಳಮೈಯಲ್ಲಿ, ಅರಗು ತುಂಬುವ ಕಡೆ, ಕೆಲಸಗಾರನ ಹೆಸರು, ಊರು, ವರ್ಷ ಕೆತ್ತಬೇಕೆಂಬ ನಿಯಮ ಬರಲಿ. ಹೆಸರು ಹಾಕಿದ ಕೆಲಸವನ್ನು ಯಾರೂ ಕಳಪೆ ಮಾಡುವುದಿಲ್ಲ, ಮತ್ತು ಐವತ್ತು ವರ್ಷದ ಬಳಿಕ ರಿಪೇರಿಗೆ ತಂದಾಗ ಯಾರ ಮನೆಯವರನ್ನು ಹುಡುಕಬೇಕೆಂಬುದಾದರೂ ತಿಳಿಯುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದ್ದೂ ಒಂದು. ಕೆಲವು ದಿನಗಳ ತರಬೇತಿ, ಉಪಕರಣಗಳಿಗೆ 15,000 ರೂಪಾಯಿ, ಎರಡು ಹಂತಗಳಲ್ಲಿ ಒಟ್ಟು 3 ಲಕ್ಷದ ತನಕ ಶೇಕಡ 5ರ ಬಡ್ಡಿಯಲ್ಲಿ ಸಾಲ, ಇಷ್ಟು ಅದರಲ್ಲಿದೆ. ಉಪಕಾರವಾಗಿಲ್ಲ ಎನ್ನಲಾರೆ. ಆದರೆ ಉಬ್ಬು ಕೆಲಸದ ಉಳಿಗಳು ಪೇಟೆಯಲ್ಲಿ ಪೆಟ್ಟಿಗೆಯಾಗಿ ಸಿಗುವಂಥವಲ್ಲ. ಒಂದೊಂದು ಬಾಗಿಗೂ ಒಂದೊಂದು ಬಾಯಿಯ ಉಳಿಯನ್ನು ನಾವೇ ಉಕ್ಕಿನ ಸರಳಿನಿಂದ ಮಸೆದು, ಹದ ಹಾಕಿಕೊಳ್ಳುತ್ತೇವೆ. ಕಲಿಯುವ ಹುಡುಗನಿಗೆ ಬೇಕಾದದ್ದು ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕೊಡುವ ಹಿರಿಯ, ಆ ಹಿರಿಯನಿಗೆ ಬೇಕಾದದ್ದು ಹುಡುಗನ ಸಂಬಳವೂ ಹುಟ್ಟುವಂಥ ಮಜೂರಿ. ಅದನ್ನು ಯೋಜನೆ ಕೊಡಲಾರದು, ಗಿರಾಕಿ ಕೊಡಬೇಕು. ದೊಡ್ಡ ಕೆಲಸಗಳ ಕರಾರಿನಲ್ಲಿ ಇಬ್ಬರು ಕಲಿಯುವವರನ್ನು ಜೊತೆಗಿಟ್ಟುಕೊಳ್ಳಬೇಕೆಂಬ ಷರತ್ತನ್ನೂ ಅದಕ್ಕೆ ತಕ್ಕ ಮೊತ್ತವನ್ನೂ ಸೇರಿಸುವುದು ತಮ್ಮ ಕೈಯಲ್ಲಿದೆ.

ಕೊನೆಯದಾಗಿ, ದರಪಟ್ಟಿ ಸಿದ್ಧವಾಗುವ ತನಕ ಕಾಯಲಾಗದ ಒಂದು ವಿಷಯವಿದೆ. ಹೊಸ ಕವಚಕ್ಕೆ ಬೆಳ್ಳಿ ಹೊಂದಿಸುವಾಗ ಸಮಿತಿಗಳು ಹಳೆಯ ಕವಚ, ಪ್ರಭಾವಳಿ, ಛತ್ರಚಾಮರಗಳ ಹಿಡಿಗಳನ್ನು ಸವೆದ ಬೆಳ್ಳಿಯೆಂದು ಕರಗಿಸಲು ಕಳುಹಿಸುತ್ತವೆ. ತೂಕದ ಕಣ್ಣಿಗೆ ಅವು ಕಚ್ಚಾ ಮಾಲು. ನಮ್ಮ ಕಣ್ಣಿಗೆ ಅವು ಪಾಠದ ಪುಸ್ತಕಗಳು. ಮಕರದ ಬಾಯಿಂದ ಬಳ್ಳಿ ಹೊರಡುವ ರೀತಿ, ತಗಡುಗಳನ್ನು ಬೆಸುಗೆಯಿಲ್ಲದೆ ಮಡಿಕೆಯಲ್ಲೇ ಕೂಡಿಸಿದ ಜಾಣ್ಮೆ, ಇವೆಲ್ಲ ನಾವು ಕಲಿತದ್ದು ಹಿರಿಯರ ಬಾಯಿಂದ ಅರ್ಧ, ರಿಪೇರಿಗೆ ಬಂದ ಹಳೆಯ ಕೆಲಸದಿಂದ ಅರ್ಧ. ಮೂಸೆಗೆ ಹೋದದ್ದು ಮರಳಿ ಬರುವುದಿಲ್ಲ. ಹಳೆಯ ಬೆಳ್ಳಿ ಸಾಮಾನುಗಳನ್ನು ಕರಗಿಸುವ ಮುನ್ನ ಎರಡೂ ಮೈಗಳ ಛಾಯಾಚಿತ್ರ ತೆಗೆದು, ತೂಕದ ಜೊತೆಗೆ ಅಳತೆಯನ್ನೂ ಬರೆದಿಟ್ಟು, ಪುರಾತತ್ವ ಇಲಾಖೆಯವರಿಗೆ ಅಥವಾ ಕಸುಬು ಬಲ್ಲವರಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಬೇಕೆಂದು ತಾವು ಒಂದು ಸುತ್ತೋಲೆ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ. ನವರಾತ್ರಿಗೂ ದೀಪೋತ್ಸವಕ್ಕೂ ಹೊಸ ಬೆಳ್ಳಿ ಮಾಡಿಸುವ ಸಿದ್ಧತೆ ತಿಂಗಳುಗಳ ಮೊದಲೇ ಶುರುವಾಗುವುದರಿಂದ, ಸುತ್ತೋಲೆ ಅದಕ್ಕಿಂತ ಮುಂಚೆ ಸಮಿತಿಗಳ ಕೈ ಸೇರುವಂತಾಗಲಿ.

ತಮ್ಮ ವಿಶ್ವಾಸಿ,
ಒಬ್ಬ ಬೆಳ್ಳಿ ಕೆಲಸಗಾರ